ನಮ್ಮೂರಿನ ಆರು ಅಂಕಿ

ಪ್ರತಿ ವರ್ಷ ಎಂಟನೆಯ ತರಗತಿಯಲ್ಲಿ ಅಪವರ್ತನದ ಪಾಠ ಬಂದಾಗ ಮಕ್ಕಳಿಗೆ ಪುಸ್ತಕದಲ್ಲಿಲ್ಲದ ಒಂದು ಲೆಕ್ಕ ಕೊಡುತ್ತೇನೆ. ನಿಮ್ಮೂರಿನ ಪಿನ್‌ಕೋಡ್ ಬರೆಯಿರಿ, ಅದನ್ನು ಒಡೆಯಿರಿ. ಇಷ್ಟೇ ಲೆಕ್ಕ. ನಮ್ಮದು ಗೋಕಾಕದ ಶಾಲೆ. ಸುತ್ತಲಿನ ಹಳ್ಳಿಗಳಿಂದ ಬಸ್ಸಿಗೆ ಬರುವ ಮಕ್ಕಳೇ ಹೆಚ್ಚು. ಹೀಗಾಗಿ ಒಂದೊಂದು ಬೆಂಚಿಗೆ ಒಂದೊಂದು ಸಂಖ್ಯೆ ಬೀಳುತ್ತದೆ.

ಗೋಕಾಕದ ಮಕ್ಕಳಿಗೆ ಸಿಗುವುದು 591307. ಮೊದಲ ಹತ್ತು ನಿಮಿಷ ಅವರ ಮುಖ ಬಾಡಿರುತ್ತದೆ. 2 ಆಗುವುದಿಲ್ಲ, 3 ಆಗುವುದಿಲ್ಲ, 5, 7, 11, 13, 17, 19 ಯಾವುದರಿಂದಲೂ ಹೋಗುವುದಿಲ್ಲ. "ಸರ್, ಇದು ಅವಿಭಾಜ್ಯ ಸಂಖ್ಯೆನ ಐತ್ರಿ" ಎಂದು ಒಬ್ಬ ಪೆನ್ನು ಕೆಳಗಿಡುತ್ತಾನೆ. ಇನ್ನೊಂದು ಸಲ ನೋಡು ಅನ್ನುತ್ತೇನೆ. 23ಕ್ಕೆ ಬಂದಾಗ ಬಾಗಿಲು ತೆರೆಯುತ್ತದೆ. 591307 ಅಂದರೆ 23 × 47 × 547. ಮೂರೂ ಅವಿಭಾಜ್ಯಗಳು. 23ರ ಎರಡು ಪಟ್ಟಿಗೆ ಒಂದು ಕೂಡಿಸಿದರೆ 47 ಎಂದು ಯಾರಾದರೂ ಗಮನಿಸಿದರೆ ಅವತ್ತು ಅವರಿಗೆ ಒಂದು ತುಂಡು ಕರದಂಟು ಕೊಡುತ್ತೇನೆ.

ನಾನು ಹುಟ್ಟಿದ್ದು ಮೂಡಲಗಿಯಲ್ಲಿ. ಅದರ ಸಂಖ್ಯೆ 591312. ಪಿನ್‌ಕೋಡನ್ನು ಯಾರೂ ಐದು ಲಕ್ಷ ತೊಂಬತ್ತೊಂದು ಸಾವಿರದ ಮುನ್ನೂರ ಹನ್ನೆರಡು ಎಂದು ಓದುವುದಿಲ್ಲ. ನಾನು ಮಾತ್ರ ಹಾಗೇ ಓದುತ್ತೇನೆ. ಗೋಕಾಕದ ಸಂಖ್ಯೆ ಬಿಗುಮಾನದ್ದಾದರೆ ಇದು ತುಂಬಿದ ಮನೆ. 2ರಿಂದ ನಾಲ್ಕು ಸಲ ಹೋಗುತ್ತದೆ, 3ರಿಂದ ಒಂದು ಸಲ, ಕೊನೆಗೆ 97 ಮತ್ತು 127 ಉಳಿಯುತ್ತವೆ. ಒಟ್ಟು 40 ಭಾಜಕಗಳು. ಗೋಕಾಕಕ್ಕೆ ಇರುವುದು ಎಂಟೇ. ಇನ್ನೂ ಒಂದು ಸಂಗತಿ ಇದೆ. 1ರಿಂದ 96ರವರೆಗಿನ ಎಲ್ಲ ಸಂಖ್ಯೆಗಳನ್ನು ಕೂಡಿಸಿದರೆ 4656 ಬರುತ್ತದೆ. ಅದನ್ನು 127ರಿಂದ ಗುಣಿಸಿದರೆ ಸರಿಯಾಗಿ ನಮ್ಮ ಮೂಡಲಗಿ. ಇದನ್ನು ಕಂಡುಕೊಂಡ ರಾತ್ರಿ ನಿದ್ದೆ ಬಂದಿರಲಿಲ್ಲ. ಆದರೆ ಅದಕ್ಕೆ ಕಾರಣ ಸಂತೋಷವೊಂದೇ ಅಲ್ಲ.

ನನಗೆ ಲೆಕ್ಕದ ರುಚಿ ಹತ್ತಿಸಿದವಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಕಂದೀಲಿನ ಮುಂದೆ ಕೂತು ನಾನು ಗುಣಾಕಾರ ಮಾಡಿದರೆ, ಅವಳು ರೊಟ್ಟಿ ಬಡಿಯುತ್ತಲೇ ಓರೆಗಣ್ಣಿನಲ್ಲಿ ನೋಡಿ ತಪ್ಪು ಹೇಳುತ್ತಿದ್ದಳು. ಅದು ಹೇಗೆ ಎಂದು ಕೇಳಿದ್ದಕ್ಕೆ ಒಂದು ದಿನ ಗುಟ್ಟು ಬಿಟ್ಟುಕೊಟ್ಟಳು. "ಲೆಕ್ಕಾ ಬಿಡಿಸಿದ ಮ್ಯಾಲ ಒಂಬತ್ತ ತಗದ ನೋಡಬೇಕೋ ತಮ್ಮಾ."

ಒಂಬತ್ತು ತೆಗೆಯುವುದು ಹೀಗೆ. ಗೋಕಾಕದ ಲೆಕ್ಕವನ್ನೇ ತೆಗೆದುಕೊಳ್ಳಿ: 23 × 47 = 1081. 23ರ ಅಂಕಿಗಳನ್ನು ಕೂಡಿಸಿದರೆ 5. 47ರ ಅಂಕಿಗಳನ್ನು ಕೂಡಿಸಿದರೆ 11, ಮತ್ತೆ ಕೂಡಿಸಿದರೆ 2. ಐದೆರಡಲ ಹತ್ತು, ಅಂದರೆ 1. ಈಗ ಉತ್ತರ 1081, ಅಂಕಿಗಳ ಮೊತ್ತ 10, ಅದೂ 1. ಎರಡೂ ಕೂಡಿದವು. ಕೂಡದಿದ್ದರೆ ಲೆಕ್ಕ ತಪ್ಪು. ಹತ್ತು ಅಂದರೆ ಒಂಬತ್ತಕ್ಕೆ ಒಂದು ಹೆಚ್ಚು, ನೂರು ಅಂದರೆ ತೊಂಬತ್ತೊಂಬತ್ತಕ್ಕೆ ಒಂದು ಹೆಚ್ಚು. ಹೀಗಾಗಿ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದರೂ, ಇಡೀ ಸಂಖ್ಯೆಯನ್ನು ಭಾಗಿಸಿದರೂ ಉಳಿಯುವ ಶೇಷ ಒಂದೇ. ಅಕ್ಕನಿಗೆ ಈ ಕಾರಣ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಹೇಳಿಕೊಟ್ಟದ್ದು ಅಂಗಡಿಯ ಲೆಕ್ಕ ಬರೆಯುತ್ತಿದ್ದ ನಮ್ಮ ಅಜ್ಜ.

ಈ ಉಪಾಯ ಬಹಳ ಹಳೆಯದು. ಹತ್ತನೆಯ ಶತಮಾನದ ಎರಡನೆಯ ಆರ್ಯಭಟನ 'ಮಹಾಸಿದ್ಧಾಂತ'ದಲ್ಲೇ ಒಂಬತ್ತು ತೆಗೆದು ನೋಡುವ ಕ್ರಮ ಇದೆ. ಅಜ್ಜ ಆ ಹೆಸರು ಕೇಳಿದ್ದನೋ ಇಲ್ಲವೋ. ಆದರೆ ನಮ್ಮ ಸೀಮೆಗೆ ಲೆಕ್ಕ ಹೊರಗಿನದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ ಜೈನ ಕವಿ ರಾಜಾದಿತ್ಯ ಪೂವಿನಬಾಗೆಯವನು. ಆ ಊರನ್ನು ನಮ್ಮ ನೆರೆಯ ರಾಯಬಾಗವೆಂದು ಗುರುತಿಸುತ್ತಾರೆ. ಅವನಿಗೂ ಮುಂಚೆ, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ದೊಡ್ಡ ಸಂಖ್ಯೆಗಳ ಹಾರಗಳನ್ನೇ ಪೋಣಿಸಿದ್ದಾನೆ. 142857143ನ್ನು 7ರಿಂದ ಗುಣಿಸಿ ನೋಡಿ: 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ರಾಜನ ಕೊರಳಿಗೆ ತಕ್ಕ ಆಭರಣ ಅದು. ಎರಡು ತುದಿಗೆ ಎರಡು ಮಣಿ, ನಡುವೆ ಬರೀ ಸೊನ್ನೆ. ಈ ಹಾರದಲ್ಲಿ ಅಂಕಿಗಳನ್ನು ತಿರುಗಿಸಿದರೂ ಏನೂ ಕೆಡುವುದಿಲ್ಲ. ಎಲ್ಲ ಸಂಖ್ಯೆಗಳಿಗೂ ಆ ಭಾಗ್ಯ ಇರುವುದಿಲ್ಲ.

1993ರ ಬೇಸಿಗೆ. ಅಕ್ಕ ಪಿಯುಸಿ ಮುಗಿಸಿದ್ದಳು. ಶಿಕ್ಷಕರ ತರಬೇತಿಗೆ ಅರ್ಜಿ ಹಾಕಬೇಕೆಂದು ಅಪ್ಪನ ಹಿಂದೆ ಬಿದ್ದು ಒಪ್ಪಿಸಿದ್ದಳು. ಆಗಿನ ಅರ್ಜಿಗಳ ಜೊತೆ ನಮ್ಮ ವಿಳಾಸ ನಾವೇ ಬರೆದು, ಅಂಚೆಚೀಟಿ ಹಚ್ಚಿ, ಒಂದು ಖಾಲಿ ಲಕೋಟೆ ಇಡಬೇಕಿತ್ತು. ಸಂದರ್ಶನದ ಪತ್ರ ಅದರಲ್ಲೇ ಬರುತ್ತಿತ್ತು. ಮನೆಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದು. ಅಕ್ಕ ಅಂದಳು, "ನೀನ ಬರಿಯೋ." ನನಗೆ ಹನ್ನೆರಡು ವರ್ಷ. ನಾಲಿಗೆ ಕಚ್ಚಿಕೊಂಡು ಬರೆದೆ. ಅಪ್ಪನ ಹೆಸರು, ಓಣಿ, ಮೂಡಲಗಿ, ತಾ. ಗೋಕಾಕ, ಜಿ. ಬೆಳಗಾವಿ. ಕೆಳಗೆ ಆರು ಅಂಕಿ.

ಪತ್ರ ಬಂದಾಗ ಸಂದರ್ಶನದ ದಿನ ಕಳೆದು ನಾಲ್ಕು ದಿನವಾಗಿತ್ತು.

ಅಪ್ಪ ಕಟ್ಟೆಯ ಮೇಲೆ ನಿಂತು ಅಂಚೆಯವರನ್ನು ಬೈದ. ಸರ್ಕಾರವನ್ನು ಬೈದ. ನಾನು ಲಕೋಟೆ ನೋಡಿದೆ. ನನ್ನ ದುಂಡಗಿನ ಅಕ್ಷರ. ಕೆಳಗಿನ ಆರು ಅಂಕಿಯಲ್ಲಿ ಕೊನೆಯ ಎರಡನ್ನು ಯಾರೋ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ 12 ಎಂದು ಬರೆದಿದ್ದರು. ನಾನು ಬರೆದದ್ದು 591321. ಪತ್ರ ಎಲ್ಲೋ ಹೋಗಿ, ಯಾರೋ ಪುಣ್ಯಾತ್ಮರು ಊರಿನ ಹೆಸರು ಓದಿ, ತಿದ್ದಿ ಕಳಿಸಿದ್ದರು. ಅಂಚೆಯವರ ತಪ್ಪೇನೂ ಇರಲಿಲ್ಲ. ಅವರು ತಿದ್ದಿದ್ದರಿಂದಲೇ ಅದು ಬಂದದ್ದು. ನಾನು ಬಾಯಿ ಬಿಡಲಿಲ್ಲ. ಮರುವರ್ಷ ಅಕ್ಕನನ್ನು ಹುಕ್ಕೇರಿಗೆ ಕೊಟ್ಟರು.

ಆಮೇಲೆ ನಾನು ಓದಿದೆ, ಬಿ.ಎಡ್. ಮಾಡಿದೆ, ಗಣಿತದ ಮಾಸ್ತರನಾದೆ. ಅಕ್ಕ ಆಗಬೇಕಾದದ್ದು ನಾನಾದೆ ಎಂದು ಅನೇಕ ಸಲ ಅನಿಸಿದೆ. ಪಿನ್‌ಕೋಡಿನ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಚಟ ಹತ್ತಿದ್ದೂ ಅದಕ್ಕೇ ಇರಬೇಕು. ಈ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದರ ಹಿಂದಿದ್ದವರು ಕೇಂದ್ರದ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ. ಅವರು ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಹತ್ತಾರು ಊರುಗಳು, ಒಂದೊಂದು ಭಾಷೆಯಲ್ಲಿ ಒಂದೊಂದು ಥರ ಬರೆದ ವಿಳಾಸಗಳು, ಇವುಗಳ ನಡುವೆ ಪತ್ರ ದಾರಿ ತಪ್ಪಬಾರದೆಂದು ಮಾಡಿದ ಏರ್ಪಾಡು ಇದು. ಮೊದಲಿನ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. 591 ಎಂದರೆ ಬೆಳಗಾವಿ ಜಿಲ್ಲೆಯ ಊರುಗಳು. ಬೆಳಗಾವಿ ನಗರಕ್ಕೆ 590. ಕೊನೆಯ ಮೂರು ಅಂಕಿ ಒಂದು ಅಂಚೆ ಕಚೇರಿಯವು.

ಗಡಿಯ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಕನ್ನಡದಲ್ಲಿ ಬರೆಯಲಿ, ಮರಾಠಿಯಲ್ಲಿ ಬರೆಯಲಿ, ಸಂಖ್ಯೆ ಒಂದೇ. 2014ರ ನವೆಂಬರ್ 1ರಂದು ಬೆಳಗಾಂ ಇಂಗ್ಲಿಷಿನಲ್ಲೂ ಬೆಳಗಾವಿಯಾಯಿತು. ನಮ್ಮ ಮೂಡಲಗಿ ಗೋಕಾಕ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ನಾನು ಆ ಲಕೋಟೆಯ ಮೇಲೆ ಬರೆದ 'ತಾ. ಗೋಕಾಕ' ಈಗ ತಪ್ಪು. 'ಜಿ. ಬೆಳಗಾವಿ' ಸರಿ. ಆರು ಅಂಕಿ ಮಾತ್ರ ಅವತ್ತೂ ತಪ್ಪು, ಇವತ್ತೂ ತಪ್ಪು.

ಆ ತಪ್ಪಿನ ಲೆಕ್ಕವನ್ನೂ ಹಾಕಿದ್ದೇನೆ. 591321ರಿಂದ 591312 ಕಳೆಯಿರಿ: 9. ಇದು ಆಕಸ್ಮಿಕವಲ್ಲ. ಪಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ಬರುವ ವ್ಯತ್ಯಾಸ ಯಾವಾಗಲೂ 9ರ ಅಪವರ್ತ್ಯ. ಹತ್ತರ ಸ್ಥಾನದಲ್ಲಿದ್ದದ್ದು ಬಿಡಿ ಸ್ಥಾನಕ್ಕೆ ಬಂದರೆ ಒಂಬತ್ತು ಪಟ್ಟು ಕಳೆದುಕೊಳ್ಳುತ್ತದೆ, ಬಿಡಿಯದು ಹತ್ತಕ್ಕೆ ಹೋದರೆ ಒಂಬತ್ತು ಪಟ್ಟು ಗಳಿಸುತ್ತದೆ. ಹಾಗಾಗಿ ಅಕ್ಕ ಕಲಿಸಿದ ಒಂಬತ್ತಿನ ಜರಡಿಯಲ್ಲಿ ಈ ಒಂದು ತಪ್ಪು ನಿಲ್ಲುವುದೇ ಇಲ್ಲ, ಸೋರಿಹೋಗುತ್ತದೆ. 591312ರ ಅಂಕಿಗಳ ಮೊತ್ತ 21, ಅಂದರೆ 3. 591321ರದೂ 21, ಅದೂ 3. ಉಳಿದ ಎಷ್ಟೋ ತಪ್ಪುಗಳನ್ನು ಹಿಡಿಯುವ ಉಪಾಯ, ಕೈ ಅತಿ ಸುಲಭವಾಗಿ ಮಾಡುವ ತಪ್ಪಿಗೆ ಕುರುಡು.

ಇದನ್ನು ಹಿಡಿಯಲು ಅಂಕಿಗಳಿಗೆ ಸ್ಥಾನಮಾನ ಕೊಡಬೇಕು. ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಆರನೆಯದನ್ನು 6ರಿಂದ ಗುಣಿಸಿ ಕೂಡಿಸಿ. 591312ಕ್ಕೆ 55 ಬರುತ್ತದೆ. 591321ಕ್ಕೆ 54. ಕಳ್ಳ ಸಿಕ್ಕಿಬಿದ್ದ. ಪುಸ್ತಕಗಳ ಹಿಂದೆ ಇರುತ್ತಿದ್ದ ಹತ್ತು ಅಂಕಿಯ ಐಎಸ್‌ಬಿಎನ್ ಇದೇ ಜಾತಿಯ ಉಪಾಯದ್ದು. ಅದರ ಕೊನೆಯ ಅಂಕಿ ಕಾವಲುಗಾರ, ಉಳಿದವು ಸರಿಯಾಗಿವೆಯೇ ಎಂದು ನೋಡುವುದಷ್ಟೇ ಅದರ ಕೆಲಸ. ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಇನ್ನೂ ಬಿಗಿಯಾದ ಕ್ರಮವೊಂದನ್ನು ಪ್ರಕಟಿಸಿದ. ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅಂಕಿ ತಿರುಗುಮುರುಗಾದರೂ ಅದು ಬಿಡದೆ ಹಿಡಿಯುತ್ತದೆ. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ಆ ಕ್ರಮದ್ದು. ಪಿನ್‌ಕೋಡಿಗೆ ಅಂಥ ಕಾವಲುಗಾರ ಇಲ್ಲ. ಆರಕ್ಕೆ ಆರೂ ದಾರಿ ತೋರಿಸುವ ಅಂಕಿಗಳೇ. ನೀವು ತಪ್ಪು ಬರೆದರೆ ಅದು ತಪ್ಪು ಎಂದು ಹೇಳುವುದಿಲ್ಲ, ಬೇರೆ ದಾರಿ ಹಿಡಿಯುತ್ತದೆ.

ಹೋದ ವರ್ಷ ಪಂಚಮಿಗೆ ಅಕ್ಕನನ್ನು ಕರೆತರಲು ಹುಕ್ಕೇರಿಗೆ ಹೋಗಿದ್ದೆ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ತವರಿನಲ್ಲಿ ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ಅಕ್ಕನಿಗೆ ಐವತ್ತು ದಾಟಿದೆ, ಅಪ್ಪ ಹೋಗಿ ಬಹಳ ವರ್ಷವಾಯಿತು. ಆದರೂ ಅವ್ವ ಇರುವವರೆಗೆ ಈ ಪದ್ಧತಿ ಬಿಡುವ ಹಾಗಿಲ್ಲ.

ನಾನು ಹೋದಾಗ ಅಕ್ಕ ಪಡಸಾಲೆಯಲ್ಲಿ ಕೂತು ಮಹಿಳಾ ಸಂಘದ ಲೆಕ್ಕದ ಪುಸ್ತಕ ಹರವಿಕೊಂಡಿದ್ದಳು. ಓಣಿಯ ಹದಿನೈದು ಹೆಂಗಸರ ಉಳಿತಾಯದ ಲೆಕ್ಕ ಇಡುವುದು ಅವಳೇ.

"ಬಾರೋ ತಮ್ಮಾ, ಕೂಡ. ನೂರಾ ಎಂಬತ್ತ ರೂಪಾಯಿ ಕೂಡವಲ್ದು. ಇದೊಂದು ಹುಡಕಿ ಬರತೀನಿ."

"ತಾ ಇಲ್ಲೆ, ಮೊದಲಿಂದ ಕೂಡಸೋಣು" ಅಂದೆ.

"ಮೊದಲಿಂದ ಯಾಕ? ನೂರಾ ಎಂಬತ್ತ ಒಂಬತ್ತರಿಂದ ಹೋಗತೈತೆಲ್ಲ. ಎಲ್ಲೋ ಎರಡ ಅಂಕಿ ಅದಲಬದಲ ಆಗ್ಯಾವ. ನೂರರ ಮನೀದೂ ಹತ್ತರ ಮನೀದೂ ಇರಬೇಕು, ಎರಡರ ಫರಕ ಇರಬೇಕು." ಬೆರಳು ಹಾಳೆಯ ಮೇಲೆ ಇಳಿಯುತ್ತ ಹೋಯಿತು. "ನೋಡಿಲ್ಲೆ. ಸಾವಿರದ ನಾನೂರಾ ಅರವತ್ತ ಐತಿ, ಸಾವಿರದ ಆರನೂರಾ ನಲವತ್ತ ಬರದೀನಿ."

1460, 1640. ಈ ಉಪಾಯವನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದರೆ ಮಾತು ಆ ಲಕೋಟೆಗೆ ಬಂದು ನಿಲ್ಲುತ್ತದೆಂದು ಒಂಬತ್ತರ ಸುದ್ದಿಯನ್ನೇ ಅವಳ ಮುಂದೆ ತೆಗೆಯುತ್ತಿರಲಿಲ್ಲ. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ.

ಅವಳು ಪುಸ್ತಕ ಮುಚ್ಚಿದಳು. "ಹನ್ನೆರಡು, ಇಪ್ಪತ್ತೊಂದು. ಅದರಾಗೂ ಒಂಬತ್ತ ಫರಕ ಇತ್ತಲ್ಲ."

ನನಗೆ ಮಾತು ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಪತ್ರ ಬಂದ ದಿವಸನ. ಕೆಂಪ ಶಾಯಿ ನನಗೂ ಕಂಡಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಅಪ್ಪ ನಿನ್ನ ಹೊಡೀತಿದ್ದ. ದಿನ ಮುಗದ ಹೋಗಿತ್ತು. ನಿನ್ನ ಹೊಡಿಸಿ ಏನ ಮಾಡೂದೈತಿ?" ಇಷ್ಟು ಹೇಳಿ ಸುಮ್ಮನಾದಳು. ಆಮೇಲೆ, ಆ ಕಡೆ ನೋಡುತ್ತ ಅಂದಳು, "ಮ್ಯಾಲ ತಪ್ಪ ನಿಂದಷ್ಟ ಅಲ್ಲೋ. ಪೋಸ್ಟಿಗೆ ಹಾಕೂ ಮುಂದ ನಾನೂ ನೋಡಿದ್ನಿ. ಒಂಬತ್ತ ತಗದ ನೋಡಿದ್ನಿ. ಮೂರ ಬಂತು. ಮೂಡಲಗೀದು ಮೂರ ಬರಬೇಕು ಅಂತ ನನಗ ಬಾಯಿಪಾಠ ಇತ್ತು. ಸರಿ ಐತಿ ಅಂತ ಅಂಟ ಹಚ್ಚಿದ್ನಿ."

ಮೂವತ್ತು ವರ್ಷ ನಾನು ಒಬ್ಬನೇ ಹೊತ್ತಿದ್ದೇನೆಂದು ತಿಳಿದಿದ್ದೆ. ಆ ಭಾರದ ಇನ್ನೊಂದು ತುದಿ ಹುಕ್ಕೇರಿಯಲ್ಲಿತ್ತು. ನಾನು ಬರೆದು ತಪ್ಪಿದ್ದೆ, ಅವಳು ಪರೀಕ್ಷೆ ಮಾಡಿ ತಪ್ಪಿದ್ದಳು. ಅವಳ ಪರೀಕ್ಷೆಯಲ್ಲಿ ದೋಷವಿರಲಿಲ್ಲ, ಕೂಡಿಸಿದ್ದು ಸರಿ, ಉತ್ತರವೂ ಸರಿ. ಆ ಜರಡಿಯ ಕಣ್ಣೇ ಅಷ್ಟಗಲ ಇತ್ತು.

"ಒಂಬತ್ತ ಯಾಕ ಹಿಡಿಲಿಲ್ಲ ಅಂತ ಲಗ್ನ ಆದ ಮ್ಯಾಲ ಬಾಳ ದಿವಸ ವಿಚಾರ ಮಾಡಿದ್ನಿ" ಅಂದಳು. "ಹಾಲಿನ ಲೆಕ್ಕಾ ಬರಿಯೂ ಮುಂದ ತಿರವಿ ತಿರವಿ ನೋಡಿದ್ನಿ. ಯಾವ ಎರಡ ತಿರವಿದ್ರೂ ಒಂಬತ್ತ ಒಂಬತ್ತನ ಬರತಾವ. ಆವಾಗ ತಿಳೀತು. ಈಗ ಅದರಿಂದನ ತಪ್ಪ ಹುಡಕತೀನಿ."

ಕ್ಷಮಿಸು ಎನ್ನಬೇಕೆಂದುಕೊಂಡಿದ್ದೆ. ಅದರ ಬದಲು ಅವಳ ಚೀಲ ಎತ್ತಿಕೊಂಡೆ. ಬಸ್ಸಿನ ಹೊತ್ತಾಗಿತ್ತು.

ಬಸ್ಸಿನಲ್ಲಿ ನಾನು ಶಾಲೆಯ ಆಟದ ಸುದ್ದಿ ತೆಗೆದೆ. ಮೂರು ಊರುಗಳ ಸಂಖ್ಯೆಗಳನ್ನು ಟಿಕೆಟ್ಟಿನ ಹಿಂದೆ ಬರೆದು ತೋರಿಸಿದೆ. ಹುಕ್ಕೇರಿ 591309, ಗೋಕಾಕ 591307, ಮೂಡಲಗಿ 591312. ಹುಕ್ಕೇರಿಗೂ ಮೂಡಲಗಿಗೂ ಮಹತ್ತಮ ಸಾಮಾನ್ಯ ಅಪವರ್ತನ 3. ಗೋಕಾಕಕ್ಕೆ ಆ ಎರಡರ ಜೊತೆಗೂ 1ನ್ನು ಬಿಟ್ಟರೆ ಏನೂ ಸಾಮಾನ್ಯವಿಲ್ಲ. ಹುಕ್ಕೇರಿಯಿಂದ ಮೂಡಲಗಿಗೆ ನಾವು ಹೊರಟದ್ದು ಗೋಕಾಕದ ಮೇಲೆಯೇ, ನಾನು ಇರುವುದೂ ಗೋಕಾಕದಲ್ಲೇ.

"ನಿನಗೂ ನಮಗೂ ಏನೂ ಕೂಡೂದಿಲ್ಲ ಅನ್ನು" ಎಂದು ಅಕ್ಕ ನಕ್ಕಳು. ಇಷ್ಟು ವರ್ಷದಲ್ಲಿ ಅವಳು ನನ್ನೆದುರು ಲೆಕ್ಕದ ಮಾತಿಗೆ ನಕ್ಕದ್ದು ಅವತ್ತೇ. "ನಮ್ಮ ಹುಕ್ಕೇರಿ ಹೆಂಗ ಒಡೀತೈತಿ?"

"ಮೂರು, ಮೂರು, ಮತ್ತ 65701."

"ಅದ ಮುಂದ ಒಡಿಯೂದಿಲ್ಲೇನ?"

"ಇಲ್ಲ. ಅವಿಭಾಜ್ಯ." ಅದನ್ನು ಖಾತ್ರಿ ಮಾಡಿಕೊಳ್ಳಲು ಒಂದು ರಾತ್ರಿ ಕಳೆದಿದ್ದೆ. 256ರ ವರ್ಗ 65536, 257ರ ವರ್ಗ 66049. ಅಂದರೆ 256ರ ಒಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು 54 ಇವೆ.

"ಐವತ್ತನಾಕೂ ನೋಡಿಯೇನ?"

"ಎಲ್ಲಾ ನೋಡೇನಿ."

"ಎರಡ ಸರ್ತೆ ನೋಡಿಯೇನ?"

ಒಂದೇ ಸಲ ನೋಡಿದ್ದೆ. ಅವಳಿಗೆ ನನ್ನ ಮುಖ ಸಾಕಾಯಿತು. ಚೀಲದಿಂದ ಸಂಘದ ಪುಸ್ತಕ ತೆಗೆದು, ಕೊನೆಯ ಖಾಲಿ ಹಾಳೆ ತಿರುವಿ, ನನ್ನ ಕಿಸೆಯ ಪೆನ್ನು ಕಸಿದುಕೊಂಡು ಏಳರಿಂದ ಶುರು ಮಾಡಿದಳು. ಬಸ್ಸು ಕುಲುಕಿದಾಗ ಪೆನ್ನು ಎತ್ತಿ ಹಿಡಿಯುವಳು, ರಸ್ತೆ ಸಮ ಬಂದಾಗ ಇಳಿಸುವಳು. ಕಿಟಕಿಯ ಹೊರಗೆ ಕಬ್ಬಿನ ಹೊಲಗಳು ಮಳೆಗೆ ತೊಯ್ದು ನಿಂತಿದ್ದವು. ಘಟಪ್ರಭಾ ಬರುವಷ್ಟರಲ್ಲಿ ಮೂವತ್ತೊಂದಕ್ಕೆ ಬಂದಿದ್ದಳು.

"ಹನ್ನೆರಡ ಉಳೀತು" ಅಂದಳು.

ಬರೆದದ್ದನ್ನು ನನ್ನ ಕಡೆ ತಿರುಗಿಸಿ, ಸರಿ ಇದೆಯೇ ನೋಡು ಎಂದಳು. ನೋಡಿದೆ. ಒಂದು, ಆಮೇಲೆ ಎರಡು. ಸರಿ ಇತ್ತು.